ಹೇಸಿಗೆ ಮತ್ತು ಹೆಪ್ಪು

ಕೆಲವು ಮಾತುಗಳನ್ನು ಮುಖ ಕೆಡಿಸಿಕೊಳ್ಳದೆ ಆಡಲು ಆಗುವುದಿಲ್ಲ. ನಂಬಿಕೆ ಬಾರದಿದ್ದರೆ ಕನ್ನಡಿಯ ಮುಂದೆ ನಿಂತು ‘ಥೂ’ ಎಂದು ನೋಡಿ, ಆಮೇಲೆ ‘ಛೀ’ ಎಂದು ನೋಡಿ. ಒಂದಕ್ಕೆ ತುಟಿ ಮುಂದಕ್ಕೆ ಬರುತ್ತದೆ, ಇನ್ನೊಂದಕ್ಕೆ ಹಲ್ಲು ಕಾಣುತ್ತದೆ, ಎರಡಕ್ಕೂ ಮೂಗಿನ ಪಕ್ಕದ ಚರ್ಮ ಮಡಿಚಿಕೊಳ್ಳುತ್ತದೆ. ಇದನ್ನು ನಾನು ಪರೀಕ್ಷೆ ಮಾಡಿಯೇ ಬರೆಯುತ್ತಿದ್ದೇನೆ. ನಮ್ಮ ಮನೆಯವರು ಬಾಗಿಲಲ್ಲಿ ನಿಂತು ಈ ಪರೀಕ್ಷೆಯನ್ನು ನೋಡಿದರು. ಕನ್ನಡಿಯಲ್ಲಿ ನನ್ನ ಮುಖ ನನಗೇ ಹಿಡಿಸಲಿಲ್ಲವೆಂದು ತಿಳಿದುಕೊಂಡರೋ ಏನೋ, ಸದ್ದು ಮಾಡದೆ ಹಿಂದಕ್ಕೆ ಹೋಗಿಬಿಟ್ಟರು.

ಈ ಪರೀಕ್ಷೆಗೆ ಕಾರಣವಾದದ್ದು ಹಾಸನದಲ್ಲಿ ನಮ್ಮ ಮನೆಗೆ ಬಂದಿದ್ದ ಒಬ್ಬ ವಿದ್ಯಾವಂತ ಹೆಂಗಸಿನ ಮಾತು. ನಾವು ಹೊಳೆನರಸೀಪುರವನ್ನು ಬಿಟ್ಟು ಹಾಸನಕ್ಕೆ ಬಂದು ಕೆಲವು ವರ್ಷಗಳಾದವು. ಆಕೆ ನಮ್ಮ ನೆರೆಯವರು. ತಮ್ಮ ಮನೆಯ ಮುಂದೆ ಸೊಪ್ಪು ಮಾರುವವಳ ವಿಷಯ ಹೇಳುತ್ತಾ, “ಅವಳ ಕೈಯಿಂದ ಏನನ್ನಾದರೂ ತೆಗೆದುಕೊಳ್ಳುವುದೆಂದರೆ ನನಗೆ ಜುಗುಪ್ಸೆ” ಎಂದರು. ಹಾಗೆನ್ನುವಾಗ ಆಕೆಯ ಮುಖ ಒಂದಿಷ್ಟೂ ಕೆಡಲಿಲ್ಲ. ಹಣೆಯ ಕುಂಕುಮ ಇದ್ದ ಕಡೆಯೇ ಇತ್ತು. ಬಾಯಲ್ಲಿದ್ದ ಕಾಫಿಯನ್ನು ನಿಧಾನವಾಗಿ ನುಂಗಿದರು.

ನನಗೆ ಆಶ್ಚರ್ಯವಾದದ್ದು ಇದೇ. ‘ವಾಕರಿಕೆ’ ಎಂದರೆ ಹೊಟ್ಟೆಯಿಂದಲೇ ಎದ್ದು ಬಂದ ಮಾತು. ‘ಅಸಹ್ಯ’ ಎಂದರೆ ಸಹಿಸಲಾರೆ ಎಂದು ಅರ್ಥ. ಅದರಲ್ಲಿ ಆಡುವವರ ದೌರ್ಬಲ್ಯದ ಒಪ್ಪಿಗೆಯೂ ಕೊಂಚ ಇದೆ. ‘ಹೇಸಿಗೆ’ ನಮ್ಮದೇ ಮಾತು, ಅಚ್ಚ ಕನ್ನಡದ್ದು. ಹಳೆಯ ಕಾಲದಲ್ಲಿ ‘ಪೇಸು’ ಎನ್ನುತ್ತಿದ್ದರಂತೆ. ಆ ಮಾತಿನಲ್ಲಿ ಕಾಲು ಒಂದು ಹೆಜ್ಜೆ ಹಿಂದಕ್ಕಿಟ್ಟದ್ದೂ ಕಾಣುತ್ತದೆ. ಆದರೆ ಜುಗುಪ್ಸೆ? ಅದು ಜರಿ ಶಲ್ಯ ಹೊದ್ದುಕೊಂಡು ಬಂದ ಹೇಸಿಗೆ. ಭಾಷಣಗಳಲ್ಲಿ ಅದಕ್ಕೆ ಕುರ್ಚಿ ಇದೆ, ಪತ್ರಿಕೆಯ ಸಂಪಾದಕೀಯದಲ್ಲಿ ಜಾಗವಿದೆ. ನಮ್ಮ ಆಲಂಕಾರಿಕರಂತೂ ಅದನ್ನು ಬೀಭತ್ಸವೆಂಬ ಒಂದು ರಸಕ್ಕೆ ಬುಡವಾಗಿಸಿ, ಕಾವ್ಯದ ಮನೆಯಲ್ಲಿ ಕೋಣೆಯನ್ನೇ ಕೊಟ್ಟಿದ್ದಾರೆ. ಇಷ್ಟೊಂದು ಮರ್ಯಾದಸ್ಥ ಮಾತಿನ ತವರು ಯಾವುದು ಎಂದು ತಿಳಿದುಕೊಳ್ಳಬೇಕೆನ್ನಿಸಿತು.

ನಮ್ಮ ಮನೆಯವರು ಹೈಸ್ಕೂಲಿನಲ್ಲಿ ಕನ್ನಡ ಪಂಡಿತರು. ಅವರಿಗೆ ಪದಗಳ ಹುಟ್ಟನ್ನು ಹೇಳುವ ಉತ್ಸಾಹ ಊಟಕ್ಕೆ ಕುಳಿತಾಗಲೇ ಬರುವುದು. ಸಾರಿನ ಅನ್ನಕ್ಕೆ ಧಾತು, ಪಲ್ಯಕ್ಕೆ ಪ್ರತ್ಯಯ. ಅವತ್ತು ಮಜ್ಜಿಗೆಗೆ ಬರುವ ಹೊತ್ತಿಗೆ ನಾನು ಕೇಳಿದೆ. ಅವರು ಕೈ ನಿಲ್ಲಿಸಿ ಹೇಳಿದರು:

“ಗುಪ್ ಅನ್ನೋದು ಧಾತು ಕಣೇ. ಕಾಪಾಡು ಅಂತ ಅರ್ಥ, ಬಚ್ಚಿಡು ಅಂತಲೂ ಇದೆ. ಗುಪ್ತ ಅಂತೀವಲ್ಲ, ಅದೇ. ತನ್ನನ್ನು ತಾನು ಕಾಪಾಡಿಕೊಳ್ಳಬೇಕು ಅನ್ನೋ ಬಯಕೆಯೇ ಜುಗುಪ್ಸೆ. ಇನ್ನೂ ಹಿಂದಕ್ಕೆ ಹೋದರೆ ಆ ಗುಪ್ ಹುಟ್ಟಿದ್ದೇ ಗೋಪ ಅನ್ನೋ ಮಾತಿನಿಂದ ಅಂತ ತಿಳಿದವರು ಹೇಳ್ತಾರೆ. ದನ ಕಾಯೋನು. ಕೊಟ್ಟಿಗೇಲಿ ಹುಟ್ಟಿದ ಮಾತು ಇದು.”

ಹೀಗೆಂದು ಎಲೆಯ ಕಡೆ ಕೈ ತೋರಿಸಿದರು. ನಾನು ಬಡಿಸಲಿಲ್ಲ. ಸೌಟನ್ನು ಹಿಡಿದುಕೊಂಡು ನಿಂತೇ ಇದ್ದೆ. ಅದು ಮೊಸರಿನ ಸೌಟು. ಕೊಟ್ಟಿಗೆ, ಕಾಪಾಡುವವರು, ಹೇಸಿಗೆ, ಮೊಸರು, ಈ ನಾಲ್ಕೂ ಒಟ್ಟಿಗೆ ನನ್ನ ಕಣ್ಣ ಮುಂದೆ ಒಮ್ಮೆ ನಡೆದುಹೋಗಿದ್ದವು. ಅದನ್ನು ನೋಡಿದವಳು ನಾನು. ಈಗಲೂ ನೆನೆದರೆ ಸಿಟ್ಟು ಬರುತ್ತದೆ. ಕಂಡದ್ದನ್ನು ಕಂಡ ಹಾಗೆ, ಒಂದಾದ ಮೇಲೊಂದರಂತೆ ಹೇಳುತ್ತೇನೆ.

ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು. ನಾವಾಗ ಹೊಳೆನರಸೀಪುರದ ಪೇಟೆ ಬೀದಿಯಲ್ಲಿದ್ದೆವು. ಬೀದಿಯ ತುಂಬ ಅಂಗಡಿಕಾರರ ಮನೆಗಳು, ಎಲ್ಲರೂ ಲಿಂಗ ಕಟ್ಟಿದವರು. ನಮ್ಮ ಎದುರು ಮನೆ ಬೆಲ್ಲದ ಅಂಗಡಿ ಶಿವಲಿಂಗಪ್ಪನವರದು. ಅವರ ಹೆಂಡತಿ ಗಂಗಮ್ಮ. ನಮ್ಮ ಮನೆಯಲ್ಲಿ ನಾವಿಬ್ಬರು ಮತ್ತು ನಮ್ಮ ಅತ್ತೆ ಸಿದ್ದಮ್ಮ.

ಆ ಬೀದಿಗೆ ಮೊಸರು ತರುತ್ತಿದ್ದವಳು ಹೊನ್ನಮ್ಮ. ಹೊಳೆಯಾಚೆಯ ಹಳ್ಳಿಯ ಒಕ್ಕಲಿಗರವಳು. ಗಂಡ ತೀರಿಕೊಂಡಿದ್ದ, ಮಗಳನ್ನು ಅರಕಲಗೂಡಿಗೆ ಕೊಟ್ಟಿತ್ತು. ಭಾವಂದಿರ ಹೊಲಗಳ ನಡುವೆ ಅವಳ ಪಾಲಿಗೆ ಬಂದ ಒಂದು ತುಂಡು ನೆಲ, ಎರಡು ಎಮ್ಮೆ. ಬೆಳಗ್ಗೆ ಹೊಳೆ ದಾಟಿ ಬಂದು “ಮೊಸ್ರು ಬೇಕೇನ್ರವ್ವಾ, ಮೊಸ್ರೂ” ಎಂದು ಕೂಗುತ್ತಿದ್ದಳು. ತಲೆಯ ಮೇಲೆ ಬಟ್ಟೆಯ ಸಿಂಬೆ, ಅದರ ಮೇಲೆ ತುಂಬಿದ ಗಡಿಗೆ. ಆ ಗಡಿಗೆಯನ್ನು ಒಬ್ಬಳೇ ಕೆಳಗಿಳಿಸಲು ಆಗುತ್ತಿರಲಿಲ್ಲ. ಕೊಳ್ಳುವ ಮನೆಯವರು ಹೊರಗೆ ಬಂದು ಕೈ ಕೊಟ್ಟು ಇಳಿಸಿಕೊಳ್ಳಬೇಕು. ಮೊಸರು ಅಳೆದು ಕೊಟ್ಟ ಮೇಲೆ ಮತ್ತೆ ಕೈ ಕೊಟ್ಟು ಎತ್ತಿಸಬೇಕು. ಇದು ಬೀದಿಯ ಪದ್ಧತಿ. ಇಳಿಸುವಾಗ ಇಬ್ಬರ ನಾಲ್ಕು ಕೈಗಳೂ ಗಡಿಗೆಯ ಮೇಲೆ ಒತ್ತೊತ್ತಾಗಿ ಇರುತ್ತಿದ್ದವು. ಹೊನ್ನಮ್ಮ ಯಾರ ಮನೆಯ ಮುಂದೆ ನಿಂತರೂ ಮೊದಲ ಮಾತು “ಒಸಿ ಕೈ ಕೊಡಿ” ಎಂಬುದೇ.

ಮೊಸರಿನ ಮಾತು ಬಂದ ಮೇಲೆ ಹೆಪ್ಪಿನ ಮಾತನ್ನೂ ಹೇಳಬೇಕು. ಹೆಪ್ಪು ಎಂದರೆ ಹಾಲನ್ನು ಮೊಸರು ಮಾಡಲು ಹಾಕುವ ಒಂದು ಚಮಚ ಹಿಂದಿನ ದಿನದ ಮೊಸರು. ಅದನ್ನು ಮಾರುವುದಿಲ್ಲ, ಬೇಡಿ ಬಂದವರಿಗೆ ಇಲ್ಲವೆನ್ನುವುದೂ ಇಲ್ಲ. ಬಟ್ಟಲು ಹಿಡಿದು ಬಂದವರನ್ನು ಏನು ಬೇಕೆಂದು ಯಾರೂ ಕೇಳರು, ಕೊಟ್ಟದ್ದು ಎಲ್ಲಿಂದ ಬಂತೆಂದು ಬಂದವರೂ ಕೇಳರು. ನಮ್ಮ ಅತ್ತೆಯ ಹೆಪ್ಪು ಮಾತ್ರ ಬೀದಿಗೆಲ್ಲ ಪ್ರಸಿದ್ಧವಾಗಿತ್ತು. ಅವರು ಮದುವೆಯಾಗಿ ಬರುವಾಗ ತವರಾದ ನುಗ್ಗೇಹಳ್ಳಿಯಿಂದ ಒಂದು ಹಿತ್ತಾಳೆ ಗಿಂಡಿಯಲ್ಲಿ ಆ ಹೆಪ್ಪನ್ನು ತಂದರಂತೆ. ಅಂದಿನಿಂದ ಒಂದು ದಿನವೂ ಕಡಿಯದೆ ಅದೇ ಹೆಪ್ಪು ನಡೆದುಕೊಂಡು ಬಂದಿತ್ತು. ನನ್ನನ್ನು ನೋಡಲು ಬಂದ ದಿನ ಅವರು ನಮ್ಮಮ್ಮನ ಬಳಿ ಮಗನ ಸಂಬಳದ ವಿಷಯ ಹೇಳುವುದಕ್ಕೆ ಮೊದಲು ಈ ಹೆಪ್ಪಿನ ವಿಷಯ ಹೇಳಿದ್ದರು.

ಆ ವರ್ಷ ಚಳಿ ಹಿಡಿಯುವ ಹೊತ್ತಿಗೆ ಬೆಲ್ಲದ ಅಂಗಡಿಯ ಹಿಂದೆ ಇಲಿ ಬಿದ್ದವು. ಇಲಿ ಬಿತ್ತೆಂದರೆ ಪ್ಲೇಗು, ಪ್ಲೇಗೆಂದರೆ ಊರು ಬಿಡಬೇಕು. ಪೇಟೆ ಬೀದಿಯವರು ಹೊಳೆಯಾಚೆ, ಹೊನ್ನಮ್ಮನ ನೆಲದ ಮಗ್ಗುಲಲ್ಲೇ, ತಟ್ಟಿ ಕಟ್ಟಿ ತೆಂಗಿನ ಗರಿ ಹೊದಿಸಿ ಗುಡಿಸಲು ಹಾಕಿಕೊಂಡೆವು. ಹೊನ್ನಮ್ಮ ತನ್ನ ಬಾವಿಯ ಹಗ್ಗವನ್ನು ನಮಗೆ ಬಿಟ್ಟುಕೊಟ್ಟಳು. ಮಜ್ಜಿಗೆ ತಂದು ಗುಡಿಸಲು ಗುಡಿಸಲಿಗೂ ಹಾಕಿದಳು. “ಇಷ್ಟ್ ದಿನ ನಾನು ನಿಮ್ಮನೆ ಬಾಕ್ಲಿಗೆ ಬತ್ತಿದ್ದೆ, ಈಗ ನೀವೆಲ್ಲಾ ನಮ್ಮನೆ ಬಾಕ್ಲಿಗೆ ಬಂದವ್ರೆ. ಗಡಿಗೆ ಒರೋದು ತಪ್ತು ಬುಡಿ” ಎಂದು ನಗಾಡಿದಳು.

ಶಿವಲಿಂಗಪ್ಪನವರ ತಾಯಿಗೆ ಜ್ವರ ಬಂತು. ತೊಡೆಯ ಸಂದಿಯಲ್ಲಿ ಗಡ್ಡೆ ಎದ್ದಿತು. ಅಂದಿನಿಂದ ಅವರ ಗುಡಿಸಲೊಳಕ್ಕೆ ಹೋದವಳು ಹೊನ್ನಮ್ಮ ಒಬ್ಬಳೇ. ಇದನ್ನು ಹೇಳುವಾಗ ನಾನು ನ್ಯಾಯ ತಪ್ಪಬಾರದು. ಗಂಗಮ್ಮನಿಗೆ ಇನ್ನೂ ಹಾಲು ಬಿಡದ ಮಗು ಇತ್ತು. ಅವರು ಆ ಮಗುವನ್ನೂ ದೊಡ್ಡದನ್ನೂ ಅವಚಿಕೊಂಡು ದೂರದ ಮರದ ಕೆಳಗಿದ್ದರು. ಶಿವಲಿಂಗಪ್ಪನವರು ಮೂಗಿಗೆ ವಲ್ಲಿ ಒತ್ತಿಕೊಂಡು ತಟ್ಟಿಯಾಚೆಯೇ ನಿಂತು “ಅವ್ವಾ” ಎಂದು ಕೂಗುತ್ತಿದ್ದರು, ಒಳಕ್ಕೆ ಹೋಗುತ್ತಿರಲಿಲ್ಲ. ನಾವು ಉಳಿದವರೂ ಹೋಗಲಿಲ್ಲ. ಭಯ ಎಲ್ಲರಿಗೂ ಇತ್ತು, ಭಯಕ್ಕೆ ನಾನು ಯಾರನ್ನೂ ಬೈಯುವುದಿಲ್ಲ.

ಮೂರು ದಿನದ ಮೇಲೆ ಮುದುಕಿ ತೀರಿಕೊಂಡರು. ನಮ್ಮವರಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಮೈ ತೊಳೆದು, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಕೂತ ಹಾಗೆಯೇ ಮಣ್ಣು ಮಾಡುತ್ತೇವೆ. ಆದರೆ ಗುಡಿಸಲಿಗೆ ಗೋಡೆ ಎಲ್ಲಿ? ತಟ್ಟಿಗೆ ಒರಗಿಸಿದರೆ ತಟ್ಟಿ ಬಾಗುತ್ತಿತ್ತು. ಹೊನ್ನಮ್ಮನೇ ಮೈ ತೊಳೆದಳು, ಹೊರಗಿನಿಂದ ಯಾರೋ ಎಸೆದ ವಿಭೂತಿಯ ಗಟ್ಟಿಯನ್ನು ಹಿಡಿದು ಹಚ್ಚಿದಳು. ಸಂಸ್ಕಾರ ಮಾಡಿಸುವ ಜಂಗಮಯ್ಯನವರು ಬರುವುದು ತಡವಾಯಿತು. ಅಷ್ಟು ಹೊತ್ತೂ ಅವಳು ಸತ್ತವರ ಬೆನ್ನಿಗೆ ತನ್ನ ಬೆನ್ನನ್ನು ಕೊಟ್ಟು, ಎರಡು ಅಂಗೈಯನ್ನೂ ನೆಲಕ್ಕೆ ಊರಿ, ಗೋಡೆಯಾಗಿ ಕೂತಿದ್ದಳು. ತಟ್ಟಿಯ ಸಂದಿನಿಂದ ನಾನು ನೋಡಿದೆ. ಇಬ್ಬರು ಹೆಂಗಸರು ಜಗಳವಾಡಿ ಮುಖ ತಿರುಗಿಸಿಕೊಂಡು ಕೂತ ಹಾಗಿತ್ತು. ಒಬ್ಬಳ ಎದೆ ಏರಿ ಇಳಿಯುತ್ತಿತ್ತು, ಅಷ್ಟೇ ವ್ಯತ್ಯಾಸ.

ಅದೇ ಸಂಜೆ ಇನ್ನೊಂದು ಸಾವಾಯಿತು. ಚಿಕ್ಕದು, ಯಾರಿಗೂ ತಿಳಿಯದ್ದು. ಆ ಗಲಿಬಿಲಿಯಲ್ಲಿ ನಮ್ಮ ಗುಡಿಸಲಿಗೆ ನಾಯಿ ನುಗ್ಗಿ ಹಿತ್ತಾಳೆ ಗಿಂಡಿಯನ್ನು ಉರುಳಿಸಿತ್ತು. ನುಗ್ಗೇಹಳ್ಳಿಯ ಹೆಪ್ಪು ಮಣ್ಣಿಗೆ ಇಂಗಿಹೋಗಿತ್ತು. ಅತ್ತೆ ಆ ಜಾಗವನ್ನು ನೋಡುತ್ತಾ ಕೂತುಬಿಟ್ಟರು. ಹೊಳೆಯಲ್ಲಿ ಮಿಂದು ಒದ್ದೆ ಸೀರೆಯಲ್ಲಿ ಬರುತ್ತಿದ್ದ ಹೊನ್ನಮ್ಮ ಬಾಗಿಲಲ್ಲಿ ನಿಂತು ವಿಷಯ ತಿಳಿದುಕೊಂಡಳು. ಮನೆಗೆ ಹೋಗಿ ಒಂದು ಚಿಪ್ಪಿನಲ್ಲಿ ತನ್ನ ಮೊಸರನ್ನು ತಂದು ಗಿಂಡಿಗೆ ಬಿಟ್ಟಳು. “ಇದೂ ನುಗ್ಗೇಹಳ್ಳೀದೇ ಅನ್ಕಳಿ ಸಿದ್ದಮ್ಮಾರೇ, ಗಿಂಡಿಗೆ ಗೊತ್ತಾಗಾಕಿಲ್ಲ” ಎಂದಳು. ಅತ್ತೆ ಎದ್ದರು. ಹಾಲು ಕಾಸಲು ನನಗೆ ಸನ್ನೆ ಮಾಡಿದರು.

ಬಿಸಿಲು ಏರಿದ ಮೇಲೆ ರೋಗ ಇಳಿಯಿತು. ಮನೆಗಳ ಹೆಂಚು ತೆಗೆಸಿ ಬಿಸಿಲು ಬೀಳಿಸಿ, ಸುಣ್ಣ ಹೊಡೆಸಿ, ಎಲ್ಲರೂ ಊರೊಳಕ್ಕೆ ಬಂದೆವು. ಗುಡಿಸಲುಗಳನ್ನು ಸುಟ್ಟೆವು, ಮಣ್ಣಿನ ಪಾತ್ರೆಗಳನ್ನು ಅಲ್ಲೇ ಒಡೆದು ಬಂದೆವು. ಬೀದಿಯ ಯಾವ ಮನೆಯಲ್ಲೂ ಹೆಪ್ಪು ಉಳಿದಿರಲಿಲ್ಲ, ನಮ್ಮ ಹಿತ್ತಾಳೆ ಗಿಂಡಿಯೊಂದರಲ್ಲಿ ಬಿಟ್ಟರೆ.

ಮಾರನೆಯ ಬೆಳಗ್ಗೆ ಹೊನ್ನಮ್ಮ ಎಂದಿನಂತೆ ಕೂಗುತ್ತಾ ಬಂದು ಗಂಗಮ್ಮನ ಮನೆಯ ಮುಂದೆ ನಿಂತಳು.

“ಗಂಗಮ್ಮಾರೇ, ಒಸಿ ಕೈ ಕೊಡಿ.”

ಗಂಗಮ್ಮ ಅರ್ಧ ಬಾಗಿಲು ತೆಗೆದು, “ಇವತ್ತು ಬ್ಯಾಡ ಕಣಮ್ಮ” ಎಂದರು. ಮಾರನೆಯ ದಿನ “ಇನ್ಮ್ಯಾಲೆ ಹಾಲು ತರಿಸಿ ಮನೇಲೇ ಹೆಪ್ಪಾಕ್ತೀವಿ” ಎಂದರು. ಆಮೇಲೆ ಬಾಗಿಲು ತೆಗೆಯುವುದನ್ನೇ ಬಿಟ್ಟರು. ಅವರನ್ನು ನೋಡಿ ಪಕ್ಕದವರು, ಪಕ್ಕದವರನ್ನು ನೋಡಿ ಅವರ ಪಕ್ಕದವರು. ಹೊನ್ನಮ್ಮ ಮುಚ್ಚಿದ ಬಾಗಿಲಿನ ಮುಂದೆ, ತಲೆಯ ಮೇಲೆ ಗಡಿಗೆ ಹಿಡಿದುಕೊಂಡು, ಕೊಂಚ ಹೊತ್ತು ನಿಲ್ಲುತ್ತಿದ್ದಳು. ಒಂದು ದಿನ ಬಾಗಿಲಿಗೇ ಹೇಳಿದಳು: “ಆಗ್ಲಿ ಬುಡಿ, ನಾಳೀಕೆ ಬತ್ತೀನಿ. ಮೊಸ್ರು ಹುಳಿಯಾಗೋದು ನಾಳೀಕೆ. ಮನುಸ್ರೇ ಮೊದ್ಲು ಹುಳಿಯಾಗವ್ರೆ.”

ಜಾತಿಯ ಮಾತಾಗಿದ್ದರೆ ಇಷ್ಟು ವರ್ಷ ಅವಳ ಮೊಸರು ಆ ಮನೆಗಳಲ್ಲಿ ಇಳಿಯುತ್ತಲೇ ಇರಲಿಲ್ಲ. ರೋಗದ ಭಯವೆನ್ನೋಣವೆಂದರೆ ರೋಗವೇ ಊರು ಬಿಟ್ಟಿತ್ತು, ಅವಳೂ ಗಟ್ಟಿಮುಟ್ಟಾಗಿ ಎದುರಿಗೆ ನಿಂತಿದ್ದಳು. ಅವಳ ಮೇಲಿದ್ದ ದೂರು ಒಂದೇ: ತಾವು ಮುಟ್ಟಬೇಕಾಗಿದ್ದ ತಮ್ಮ ಮುದುಕಿಯನ್ನು ಅವಳು ಮುಟ್ಟಿದ್ದಳು. ನಾವು ಮಾಡಬೇಕಾಗಿದ್ದದ್ದನ್ನು ಮಾಡಿದವರನ್ನು ಕಂಡರೆ ನಮಗೆ ಹೇಸಿಗೆಯಾಗುತ್ತದೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದಿರಲಿಲ್ಲ. ಯಾವ ಆಲಂಕಾರಿಕನೂ ಇದನ್ನು ಬರೆದ ಹಾಗೆ ಕಾಣೆ.

ನಮ್ಮ ಅತ್ತೆ ಮಾತ್ರ ಕೈ ಕೊಟ್ಟು ಗಡಿಗೆ ಇಳಿಸಿಕೊಂಡು ಪಾವು ಮೊಸರು ಕೊಳ್ಳುತ್ತಿದ್ದರು. “ಸಿದ್ದಮ್ಮನಿಗೆ ವಯಸ್ಸಾಯ್ತು, ಗೊತ್ತಾಗಾಕಿಲ್ಲ” ಎಂದು ಬೀದಿ ಅದನ್ನು ಕ್ಷಮಿಸಿತ್ತು. ಹೊನ್ನಮ್ಮ ಒಂದು ದಿನ ನಮ್ಮ ಜಗಲಿಯಲ್ಲಿ ಕೂತು ಹೇಳಿದಳು:

“ನಿಮ್ಮೊಂದು ಮನೆ ಪಾವು ಮೊಸ್ರಿಗೆ ಎಲ್ಡು ಎಮ್ಮೆ ಸಾಕಕ್ಕಾಗಾಕಿಲ್ಲ ಸಿದ್ದಮ್ಮಾರೇ. ಯುಗಾದಿ ಕಳೀಲಿ, ಕರೀ ಎಮ್ಮೆ ಪಟ್ಣದ ಸಂತೆಗೆ ಒಡ್ಕಂಡು ಓಯ್ತೀನಿ.”

ಪಟ್ಟಣವೆಂದರೆ ಚನ್ನರಾಯಪಟ್ಟಣ. ಕರಿ ಎಮ್ಮೆ ಹಾಲು ಹೆಚ್ಚು ಕೊಡುವುದು, ಉಳಿದದ್ದು ಮುದಿ. ಅದು ಹೋದರೆ ಮೊಸರೂ ಇಲ್ಲ, ಗಡಿಗೆಯೂ ಇಲ್ಲ. ಭಾವಂದಿರ ಹೊಲದಲ್ಲಿ ಕೂಲಿಗೆ ನಿಲ್ಲಬೇಕು. ಅದನ್ನು ಅವಳು ಹೇಳಲಿಲ್ಲ, ನಮಗೆ ಗೊತ್ತಿತ್ತು.

ಇತ್ತ ಬೀದಿಯಲ್ಲಿ ಏನು ನಡೆದಿತ್ತೆಂದರೆ, ಊರಿಗೆ ಮರಳಿದ ಮೊದಲ ಸಂಜೆಯೇ ಮನೆಮನೆಯವರೂ ಬಟ್ಟಲು ಹಿಡಿದು ನಮ್ಮ ಅಡುಗೆಮನೆಯ ಬಾಗಿಲಿಗೆ ಬಂದಿದ್ದರು. ಮೊದಲು ಬಂದವರು ಗಂಗಮ್ಮ. ಅತ್ತೆ ಗಿಂಡಿಯಿಂದ ಎಲ್ಲರಿಗೂ ಒಂದೊಂದು ಚಮಚ ಬಿಟ್ಟುಕೊಟ್ಟರು. ಎಲ್ಲಿಯದೆಂದು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯೂ ಇಲ್ಲ, ಕೇಳುವ ಅಗತ್ಯವೂ ಇಲ್ಲ, ಸಿದ್ದಮ್ಮನ ಹೆಪ್ಪು ನುಗ್ಗೇಹಳ್ಳಿಯದೆಂದು ಎಲ್ಲರಿಗೂ ಗೊತ್ತು. ಹೀಗೆ ದಿನವೂ ಬೆಳಗ್ಗೆ ಹೊನ್ನಮ್ಮ ಮೊಸರಿನ ಗಡಿಗೆ ಹೊತ್ತು ಬರುವಳು, ಬೀದಿಯೆಲ್ಲ ಬಾಗಿಲು ಹಾಕಿಕೊಂಡು ಒಳಗೆ ಹೊನ್ನಮ್ಮನ ಮೊಸರನ್ನೇ ಉಣ್ಣುವುದು.

ನನಗೆ ತಡೆಯಲಾಗಲಿಲ್ಲ. “ಹೇಳಿಬಿಡೋಣ ಅತ್ತೆ” ಎಂದೆ.

“ಹೇಳಿದ್ರೆ ಚೆಲ್ತಾರೆ” ಎಂದರು ಅತ್ತೆ. ಆಮೇಲೆ ಗಿಂಡಿಯನ್ನು ಸೆರಗಿನಿಂದ ಒರೆಸುತ್ತಾ, “ಹೆಪ್ಪು ಕಡೀತು ಅಂತ ನಾನು ಯಾವ ಬಾಯಲ್ಲಿ ಹೇಳಲಿ?” ಎಂದರು. ಆಗ ಅವರ ಕಷ್ಟ ನನಗೆ ಅರ್ಥವಾಯಿತು. ತವರಿನ ಆ ಒಂದು ಚಮಚ ಬಿಳುಪು ಬಿಟ್ಟರೆ ಅವರಿಗೆ ಹೇಳಿಕೊಳ್ಳುವುದಕ್ಕೆ ಬೇರೆ ಐಶ್ವರ್ಯ ಇರಲಿಲ್ಲ.

ನಮ್ಮ ಮನೆಯವರನ್ನು ಕೇಳಿದೆ. ಅವರು ಬಹಳ ಯೋಚಿಸಿ, “ಇದು ಭಯಾನಕದಿಂದ ಬೀಭತ್ಸಕ್ಕೆ ತಿರುಗಿದೆ, ವಿಚಿತ್ರ” ಎಂದರು. ನನಗೆ ಬಂದ ಸಿಟ್ಟಿನ ರಸ ಯಾವುದೆಂದು ಅವರು ಹೇಳಲಿಲ್ಲ, ಅದು ಅವರಿಗೆ ಗೊತ್ತಿತ್ತು.

ಮಾಗಿದ ಹುಣಸೆಹಣ್ಣು ಮನೆಗೆ ಬರುವ ಕಾಲ. ನಮ್ಮ ಜಗಲಿಯ ಮೇಲೆ ಬೀದಿಯ ಹೆಂಗಸರೆಲ್ಲ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆವು. ಗಂಗಮ್ಮನೂ ಇದ್ದರು.

“ನಿಮ್ಮ ನುಗ್ಗೇಹಳ್ಳಿ ಹೆಪ್ಪಾಕಿದ ಮ್ಯಾಲೆ ನಮ್ಮನೆ ಮೊಸ್ರು ಚಾಕುನಲ್ಲಿ ಕುಯ್ಯಂಗಾಗದೆ ಕಣ್ರೀ ಸಿದ್ದಮ್ಮಾರೇ” ಎಂದರು. “ನಮ್ಮೋರು ಎಲ್ಡು ಸಲ ಹಾಕಿಸ್ಕತಾರೆ.”

ಅಷ್ಟರಲ್ಲಿ ಬೀದಿಯ ಕೊನೆಯಲ್ಲಿ ಹೊನ್ನಮ್ಮನ ಕೂಗು ಕೇಳಿಸಿತು. ಅವಳು ಆ ದಿನವೂ ಖಾಲಿಯಾಗದ ಗಡಿಗೆಯನ್ನು ಹೊತ್ತುಕೊಂಡು ಹಿಂದಿರುಗುತ್ತಿದ್ದಳು. ಕೊಳ್ಳದ ಬೀದಿಯಲ್ಲಿ ಅವಳು ಹೋಗುವಾಗಲೂ ಕೂಗುತ್ತಿದ್ದಳು, ಬರುವಾಗಲೂ ಕೂಗುತ್ತಿದ್ದಳು, ಒಂದು ಬಾಗಿಲನ್ನೂ ಬಿಡದ ಹಾಗೆ ಸ್ಪಷ್ಟವಾಗಿ. ಗಂಗಮ್ಮ ಸೆರಗನ್ನು ಮೂಗಿಗೆ ಮುಚ್ಚಿಕೊಂಡರು.

“ಥೂ! ಆ ಹೆಣ ಮುಟ್ಟಿದ ಕೈ ನೆನೆಸ್ಕಂಡ್ರೆ ಉಂಡಿದ್ದು ಮ್ಯಾಕೆ ಬತ್ತದೆ.”

ಹೆಣ! ಅದು ಆಕೆಯ ಅತ್ತೆ. ಆಕೆಯ ಹೆರಿಗೆಗಳನ್ನು ನೋಡಿದವರು, ಆಕೆಯ ಮಕ್ಕಳಿಗೆ ಎಣ್ಣೆ ನೀರು ಹಾಕಿದವರು. ಹೊನ್ನಮ್ಮನ ಬೆನ್ನಿಗೆ ಒರಗಿ ಕೂತಿದ್ದಾಗ ಆ ಮುದುಕಿ ಇನ್ನೂ ಅತ್ತೆಯಾಗಿದ್ದರು. ಈಗ ಈ ಜಗಲಿಯ ಮೇಲೆ ಹೆಣವಾದರು. ನಾನು ಏನನ್ನೋ ಹೇಳಲು ಬಾಯಿ ತೆರೆದೆ. ನಮ್ಮ ಅತ್ತೆ ಹುಣಸೆಯಿಂದ ಕಣ್ಣೆತ್ತದೆ ಮಾತಾಡಿದರು.

“ಗಂಗಮ್ಮ, ನುಗ್ಗೇಹಳ್ಳಿ ಹೆಪ್ಪು ಸತ್ತೋಯ್ತು ಕಣೇ.”

“ಹಾಂ? ಯಾವಾಗ?”

“ನಿಮ್ಮತ್ತೆ ಓದ ದಿವ್ಸಾನೇ. ನಾಯಿ ಬಂದು ಗಿಂಡಿ ಉಳ್ಳಿಸ್ಬುಡ್ತು. ಆವತ್ತು ಸಾಯಂಕಾಲ ಹೊನ್ನಮ್ಮ ಮಿಂದು ಬಂದು, ಅವಳ ಕೈಯ್ಯಾರೆ ಹೆಪ್ಪು ತಂದುಕೊಟ್ಳು. ಅದನ್ನೇ ನಿಂಗೂ ಕೊಟ್ಟೆ, ಎಲ್ರಿಗೂ ಕೊಟ್ಟೆ. ಈಗ ನೀನು ಚಾಕಲ್ಲಿ ಕುಯ್ತಿರೋದು ಅದೇಯಾ.”

ಹೇಳಿ ಮುಗಿಸಿ ಅವರು ಬೀಜವೊಂದನ್ನು ಬಿಡಿಸಿ ಮೊರಕ್ಕೆ ಹಾಕಿದರು. ಮದುವೆಯಾದಂದಿನಿಂದ ಕಾಪಾಡಿಕೊಂಡು ಬಂದ ಹೆಮ್ಮೆಯನ್ನು ಅವರು ಅಷ್ಟು ಮಂದಿಯ ನಡುವೆ ತಾವೇ ಉರುಳಿಸಿದ್ದರು. ನಾಯಿಯದೇನೂ ತಪ್ಪಿರಲಿಲ್ಲ ಈ ಸಲ.

ಅತ್ತೆ ಹೇಳಿದ್ದಂತೆಯೇ ಆಯಿತು: ಚೆಲ್ಲಿದರು. ಜಗಲಿ ಒಂದೇ ಕ್ಷಣದಲ್ಲಿ ಖಾಲಿಯಾಯಿತು, ಪೇಟೆ ಬೀದಿಯ ಚರಂಡಿ ಬೆಳ್ಳಗೆ ಹರಿಯಿತು. ಊರಿನ ನಾಯಿಗಳೆಲ್ಲ ಬಂದು ಸಾಲಾಗಿ ನಿಂತು ನೆಕ್ಕಿದವು. ನಾಯಿಗಳಿಗೆ ಜುಗುಪ್ಸೆ ಗೊತ್ತಿಲ್ಲ, ಅವುಗಳಲ್ಲಿ ಪಂಡಿತರಿಲ್ಲ.

ಆಮೇಲಿನ ಕೆಲವು ದಿನ ಬೀದಿಯಲ್ಲಿ ನಡೆದ ಪ್ರಯೋಗಗಳನ್ನು ನೆನೆದರೆ ಆ ಸಿಟ್ಟಿನಲ್ಲೂ ನಗು ಬರುತ್ತದೆ. ಬೇರೆ ಬೀದಿಯಲ್ಲಿ ಬೇಡೋಣವೆಂದರೆ ಅದೂ ನಮ್ಮ ಗಿಂಡಿಯಿಂದಲೇ ಹೋಗಿದ್ದರೆ ಎಂಬ ಅಳುಕು. ಹೊಸ ಹೆಪ್ಪು ಹುಟ್ಟಿಸುವುದು ಹೇಗೆ? ಒಬ್ಬರು ಬೆಚ್ಚನೆಯ ಹಾಲಿಗೆ ಒಣಮೆಣಸಿನಕಾಯಿಯ ತೊಟ್ಟು ಹಾಕಿದರು. ಇನ್ನೊಬ್ಬರು ಬೆಳ್ಳಿ ರೂಪಾಯಿ ಹಾಕಿದರು. ಮೂರನೆಯವರು ನಿಂಬೆಯ ರಸ ಹಿಂಡಿ ಹಾಲನ್ನು ಒಡೆಸಿಕೊಂಡು, ಮೊಸರೇ ಆಯಿತೆಂದು ಸಾಧಿಸಿದರು. ತೊಟ್ಟಿನ ಮೊಸರು ಲೋಳೆಯಾಗಿ ಸೌಟಿನಿಂದ ದಾರದಂತೆ ಜೋತಾಡಿತು. ಶಿವಲಿಂಗಪ್ಪನವರು ಅರಕಲಗೂಡಿನ ನಂಟರ ಮನೆಯಿಂದ ಬಸ್ಸಿನಲ್ಲಿ ಒಂದು ಕುಡಿಕೆ ಮೊಸರು ತರಿಸಿದರು. ಆ ದಾರಿಯ ಕುಲುಕಾಟದಲ್ಲಿ ಮೊಸರೆಲ್ಲ ತಂದವನ ಪಂಚೆಗೆ ಇಳಿದು, ಕುಡಿಕೆಯಲ್ಲಿ ಉಳಿದದ್ದು ಹುಳಿನೀರು ಮಾತ್ರ.

ಶಿವಲಿಂಗಪ್ಪನವರು ಒಂದು ಸಂಜೆ ನಮ್ಮ ಮನೆಯವರ ಹತ್ತಿರ ಬಂದು ಕೂತರು. “ಪಂಡಿತ್ರೇ, ಕೊನೇಲಿ ಮಜ್ಜಿಗೆ ಇಲ್ದಿದ್ರೆ ಊಟ ಮುಗೀತೋ ಇಲ್ವೋ ಅಂತ್ಲೇ ಗೊತ್ತಾಗಾಕಿಲ್ಲ ಕಣ್ರೀ. ಎಲೆ ಮುಂದೆ ಸುಮ್ನೆ ಕೂತಿರ್ತೀನಿ, ಯಾರಾದ್ರೂ ಎಬ್ಬಿಸ್ಬೇಕು” ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, “ಅವ್ವನ್ನ ಕೂರಿಸಿದ್ದು ಅವಳೇ ಅಲ್ವರಾ?” ಎಂದು ಕೇಳಿದರು. ನಮ್ಮ ಮನೆಯವರು ಆ ಸಲ ಯಾವ ರಸದ ಹೆಸರನ್ನೂ ಹೇಳಲಿಲ್ಲ. “ಹೌದು” ಎಂದರು.

ಯುಗಾದಿ ಇನ್ನೇನು ಹತ್ತಿರವಾಯಿತು. ಒಂದು ಬೆಳಗ್ಗೆ ಗಂಗಮ್ಮ ಹಿತ್ತಿಲ ಬಾಗಿಲಿನಿಂದ ಬಂದರು. ಕೈಯಲ್ಲಿ ಬಟ್ಟಲಿತ್ತು. ಪದ್ಧತಿಯಂತೆ ಏನೂ ಮಾತಾಡದೆ ಅದನ್ನು ಮುಂದಕ್ಕೆ ಹಿಡಿದರು. ಅತ್ತೆ ಬಟ್ಟಲನ್ನು ನೋಡಿದರು, ಗಿಂಡಿಯನ್ನು ನೋಡಿದರು. ಹೆಪ್ಪು ಬೇಡಿ ಬಂದವರಿಗೆ ಅವರು ಜೀವಮಾನದಲ್ಲಿ ಇಲ್ಲವೆಂದಿರಲಿಲ್ಲ. ಆಗಲೂ ಇಲ್ಲವೆನ್ನಲಿಲ್ಲ.

“ಹೆಪ್ಪು ಬೀದೀಲಿ ಬತ್ತಾ ಅದೆ, ಕೇಳಿಸ್ತಾ? ಓಗಿ ಕರಿ” ಎಂದರು.

ನಿಜವಾಗಿಯೂ ಕೂಗು ಕೇಳಿಸುತ್ತಿತ್ತು. ಗಂಗಮ್ಮ ಹಿತ್ತಿಲ ಕಡೆಗೆ ತಿರುಗಿದರು. ಅತ್ತೆ ಬೀದಿಯ ಬಾಗಿಲಿನ ಕಡೆ ಕೈ ತೋರಿಸಿದರು. ಗಂಗಮ್ಮ ನಮ್ಮ ನಡುಮನೆಯನ್ನು ದಾಟಿ, ಬೀದಿಗೆ ಇಳಿದು, ತಮ್ಮ ಮನೆಯ ಮುಂದೆ ಹೋಗಿ ನಿಂತರು. ಹೊನ್ನಮ್ಮ ಹತ್ತಿರ ಬಂದಳು. ಗಂಗಮ್ಮನ ಬಾಯಿಂದ ಹೆಸರು ಹೊರಡಲಿಲ್ಲ, ಬಟ್ಟಲನ್ನಷ್ಟೇ ಚಾಚಿದರು. ಹೊನ್ನಮ್ಮ ನಿಂತಳು. ಎರಡು ಕೈಯನ್ನೂ ಗಡಿಗೆಯ ಮೇಲೆಯೇ ಇಟ್ಟುಕೊಂಡು ಹೇಳಿದಳು:

“ಒಸಿ ಕೈ ಕೊಡಿ.”

ಬೀದಿಯ ಬಾಗಿಲುಗಳೆಲ್ಲ ಒಂದೊಂದು ಬೆರಳಿನಷ್ಟು ತೆರೆದಿದ್ದವು. ಗಂಗಮ್ಮ ಬಟ್ಟಲನ್ನು ಕೆಳಗಿಟ್ಟು ಕೈಯೆತ್ತಿದರು. ಗಡಿಗೆ ಇಳಿಯಿತು. ಇಳಿಯುವಾಗ ನಾಲ್ಕು ಕೈಗಳೂ ಒತ್ತೊತ್ತಾಗಿದ್ದವು. ಗಡಿಗೆ ನೆಲ ಮುಟ್ಟಿದ್ದೇ ತಡ, ಗಂಗಮ್ಮ ಸರಸರನೆ ಒಳಗೆ ಹೋದರು. ಒಳಗಿನಿಂದ ಕೈ ತೊಳೆಯುವ ನೀರಿನ ಸದ್ದು ಕೇಳಿಸಿತು. ನನಗೆ ಕೇಳಿಸಿತು, ಹೊನ್ನಮ್ಮನಿಗೂ ಕೇಳಿಸಿತು. ನನ್ನ ಮೈಯೆಲ್ಲ ಉರಿದುಹೋಯಿತು. ಹೊನ್ನಮ್ಮ ಮಾತ್ರ ಅಲುಗಾಡದೆ ಕುಕ್ಕರಗಾಲಲ್ಲಿ ಕೂತಿದ್ದಳು.

ಗಂಗಮ್ಮ ಹೊರಗೆ ಬಂದಾಗ ಹೊನ್ನಮ್ಮ ತನ್ನ ಎರಡೂ ಅಂಗೈಗಳನ್ನು ಮುಂದಕ್ಕೆ ಚಾಚಿದಳು.

“ನಂಗೂ ಒಸಿ ನೀರು ಉಯ್ಯಿ ಕಣವ್ವ” ಎಂದಳು. “ನಾನೂ ನಿನ್ನ ಕೈ ಮುಟ್ಟಿದ್ನಲ್ಲಾ.”

ಯಾವುದೋ ಬಾಗಿಲ ಸಂದಿನಿಂದ ಕಿಸಕ್ಕನೆ ನಗು ಕೇಳಿತು. ಗಂಗಮ್ಮನ ಮುಖ ಕೆಂಪಾಯಿತು, ಆಮೇಲೆ ಬಿಳುಪಾಯಿತು. ಅವರು ಒಳಗೆ ಹೋಗಿ ಚೊಂಬು ತಂದರು. ಬಗ್ಗಿ, ಹೊನ್ನಮ್ಮನ ಕೈಯ ಮೇಲೆ ನೀರು ಹುಯ್ದರು. ನಮ್ಮ ಕಡೆ ಮನೆಗೆ ಬಂದ ನಂಟರಿಗೆ ಹಾಗೆ ಹುಯ್ಯುತ್ತೇವೆ, ಊಟಕ್ಕೆ ಕೂರುವ ಮುಂಚೆ. ಹೊನ್ನಮ್ಮ ಅವಸರ ಮಾಡಲಿಲ್ಲ. ಒಂದೊಂದು ಬೆರಳನ್ನೂ ಬಿಡಿಸಿ, ಉಗುರಿನ ಸಂದನ್ನೂ ಉಜ್ಜಿ ತೊಳೆದುಕೊಂಡಳು. ಗಂಗಮ್ಮ ಹುಯ್ಯುತ್ತಲೇ ಇದ್ದರು. ಆ ಕೈಗಳನ್ನು ಅಷ್ಟು ಹತ್ತಿರದಿಂದ ಅವರು ಎಂದೂ ನೋಡಿರಲಿಲ್ಲ. ಚೊಂಬು ಖಾಲಿಯಾಗುವ ಹೊತ್ತಿಗೆ ಅವರು ಅಳುತ್ತಿದ್ದರು.

“ಸಾಕು ಬುಡು, ಮೊಸ್ರಿಗೆ ಬಿಸ್ಲು ಬತ್ತದೆ” ಎಂದಳು ಹೊನ್ನಮ್ಮ. “ಎಷ್ಟಾಕ್ಲಿ?”

ಕರಿ ಎಮ್ಮೆ ಸಂತೆಗೆ ಹೋಗಲಿಲ್ಲ. ಬೀದಿಯ ಮನೆಗಳಲ್ಲಿ ಮತ್ತೆ ಮೊಸರು ಗಟ್ಟಿಯಾಯಿತು. ನಮ್ಮ ಅತ್ತೆ ಆಮೇಲೆ ಬಂದವರಿಗೆಲ್ಲ, ತಮ್ಮ ಹೆಪ್ಪು ಹೊಳೆಯಾಚೆಯದೆಂದು, ನುಗ್ಗೇಹಳ್ಳಿಯ ವಿಷಯ ಹೇಳುತ್ತಿದ್ದ ಅದೇ ಧಾಟಿಯಲ್ಲಿ ಹೇಳಿಕೊಳ್ಳಲು ಶುರುಮಾಡಿದರು. ಈಗ ಅವರಿಲ್ಲ. ಗಿಂಡಿ ನನ್ನ ಬಳಿ ಇದೆ, ಹೆಪ್ಪೂ ಇದೆ. ಜುಗುಪ್ಸೆಯ ಮಾತಾಡಿದ ಆ ನೆರೆಯಾಕೆ ಹೋದ ವಾರ ಸಂಜೆ ಬಟ್ಟಲು ಹಿಡಿದು ಬಂದಿದ್ದರು. ಪದ್ಧತಿಯಂತೆ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಚಮಚ ತುಂಬ ಬಿಟ್ಟುಕೊಟ್ಟೆ.

ನಮ್ಮ ಮನೆಯವರು ಹೇಳಿದ ಧಾತುವಿನ ಅರ್ಥ ಸರಿಯಿರಬೇಕು. ಜುಗುಪ್ಸೆಯೆಂದರೆ ಕಾಪಾಡಿಕೊಳ್ಳುವ ಬಯಕೆ. ಆ ಮಾತಿನ ಬುಡದಲ್ಲಿ ಒಬ್ಬರು ಕೊಟ್ಟಿಗೆ ಕಾಯುತ್ತಾ ನಿಂತಿದ್ದಾರೆಂಬುದು ಆಡುವವರಿಗೆ ಮರೆತುಹೋಗಿರುತ್ತದೆ, ಅಷ್ಟೇ. ನನಗೆ ಮಾತ್ರ ಆ ಪದ ಯಾವ ಪುಸ್ತಕದಲ್ಲಿ ಸಿಕ್ಕಿದರೂ ಎರಡು ಸಲ ನೀರಿನ ಸದ್ದು ಕೇಳಿಸುತ್ತದೆ. ಮೊದಲನೆಯದು ಬಾಗಿಲಿನ ಒಳಗಿನಿಂದ. ಎರಡನೆಯದು ನಡುಬೀದಿಯಲ್ಲಿ, ನಿಧಾನವಾಗಿ, ಒಂದೊಂದೇ ಬೆರಳಿನ ಮೇಲೆ.